ಮುಳುಗಿದ ಹಡಗಿನ ನಗರಿ

ಜೂನ್ ತಿಂಗಳ ಕೊನೆಯಲ್ಲಿ ಸ್ವೀಡನ್ನಿನ ರಾಜಧಾನಿಯಾದ ಸ್ಟಾಕ್‌ಹೋಮಿಗೆ ಬಂದಿಳಿಯುವ ದಕ್ಷಿಣದೇಶದ ಪ್ರವಾಸಿಯನ್ನು ಮೊದಲು ಕಂಗೆಡಿಸುವವನು ಸೂರ್ಯ. ರಾತ್ರಿಯ ಊಟ ಮುಗಿದು, ಮಕ್ಕಳು ಆಕಳಿಸತೊಡಗಿದರೂ ಅವನಿಗೆ ಮನೆಗೆ ಹೋಗುವ ಯೋಚನೆಯೇ ಇರುವುದಿಲ್ಲ. ಹತ್ತು ಗಂಟೆ ದಾಟಿದ ಮೇಲೆ ಒಲ್ಲದ ಮನಸ್ಸಿನಿಂದ ಮರೆಯಾಗಿ, ಬೆಳಗಿನ ಜಾವ ಮೂರೂವರೆಯ ಹೊತ್ತಿಗೆಲ್ಲ ಮರಳಿ ಹಾಜರಾಗುತ್ತಾನೆ. ನಡುವಣ ವೇಳೆಯೂ ಕತ್ತಲೆಯಲ್ಲ. ನಮ್ಮಲ್ಲಿ ಮಳೆ ನಿಂತ ಸಂಜೆ ಅಂಗಳದಲ್ಲಿ ಹರಡುವಂಥ ಒಂದು ಮಂದವಾದ ಬೆಳಕು. ಆದರೆ ಊರವರಿಗೆ ಇದು ತೊಂದರೆಯಲ್ಲ, ಹಬ್ಬ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರು ಗಂಟೆಯೊಳಗೇ ಹೊತ್ತು ಮುಳುಗುವುದನ್ನು ಕಂಡವರು ಅವರು. ಆದುದರಿಂದಲೇ ಬೇಸಗೆಯಲ್ಲಿ ಬಿಸಿಲು ಬಿದ್ದ ಕಲ್ಲುಮೆಟ್ಟಿಲು ಎಲ್ಲಿದ್ದರೂ ಅಲ್ಲಿ ಕುಳಿತು, ಕಣ್ಣುಮುಚ್ಚಿ, ಮುಖವನ್ನು ಮೇಲಕ್ಕೆತ್ತಿ, ಧ್ಯಾನಸ್ಥರಂತೆ ಬೆಳಕನ್ನು ಕುಡಿಯುತ್ತಾರೆ. ಬಿಸಿಲನ್ನು ಕಂಡರೆ ಕೊಡೆ ಬಿಚ್ಚುವ ನಾಡಿನಿಂದ ಹೋದವರಿಗೆ ಇದೊಂದು ಸೋಜಿಗ.

ಹದಿನಾಲ್ಕು ದ್ವೀಪಗಳ ಮೇಲೆ ಹರಡಿಕೊಂಡಿರುವ ನಗರವಿದು. ಪಶ್ಚಿಮಕ್ಕೆ ಮೇಲಾರೆನ್ ಎಂಬ ಸಿಹಿನೀರಿನ ಮಹಾಸರೋವರ. ಪೂರ್ವಕ್ಕೆ ಬಾಲ್ಟಿಕ್ ಸಮುದ್ರ. ಸರೋವರದ ಮಟ್ಟ ಸಮುದ್ರದ ಮಟ್ಟಕ್ಕಿಂತ ಸುಮಾರು 70 ಸೆಂಟಿಮೀಟರಿನಷ್ಟು ಎತ್ತರ. ಈ ಅಲ್ಪ ವ್ಯತ್ಯಾಸದಿಂದಲೇ ಸರೋವರದ ನೀರು ನಗರದ ನಡುಮಧ್ಯೆ, ಅರಮನೆಯ ಬದಿಯಲ್ಲಿ, ನೊರೆಯೆಬ್ಬಿಸಿಕೊಂಡು ಸಮುದ್ರಕ್ಕೆ ನುಗ್ಗುತ್ತದೆ. ಆ ಸೆಳವಿನಲ್ಲಿ ಯಾರು ಬೇಕಾದರೂ ಗಾಳ ಹಾಕಿ ಮೀನು ಹಿಡಿಯಬಹುದು, ಅದಕ್ಕೆ ಸುಂಕವಿಲ್ಲ. ಒಂದು ದಡದಲ್ಲಿ ಆರುನೂರಕ್ಕೂ ಮಿಕ್ಕ ಕೋಣೆಗಳ ಅರಮನೆ, ಎದುರು ದಡದಲ್ಲಿ ಗಾಳ ಹಿಡಿದು ನಿಂತ ಮುದುಕ. ಇಬ್ಬರಿಗೂ ಒಬ್ಬರ ಗೊಡವೆ ಒಬ್ಬರಿಗಿಲ್ಲ.

ಸರೋವರದ ಅಂಚಿನಲ್ಲಿರುವ ನಗರಸಭಾ ಭವನವನ್ನು ನೋಡದೆ ಬಂದವರನ್ನು ಅಲ್ಲಿಗೆ ಹೋದವರೆಂದು ಯಾರೂ ಒಪ್ಪುವುದಿಲ್ಲ. ರಾಗ್ನರ್ ಓಸ್ಟ್‌ಬೆರಿ ಎಂಬ ಶಿಲ್ಪಿಯ ಯೋಜನೆಯಂತೆ ಕಟ್ಟಿದ ಈ ಕೆಂಪು ಇಟ್ಟಿಗೆಯ ಭವನ 1923ರಲ್ಲಿ ತೆರೆಯಿತು. 106 ಮೀಟರ್ ಎತ್ತರದ ಅದರ ಗೋಪುರದ ತುದಿಯಲ್ಲಿ ಮೂರು ಚಿನ್ನದ ಕಿರೀಟಗಳಿವೆ. ಪ್ರತಿವರ್ಷ ಡಿಸೆಂಬರಿನಲ್ಲಿ ನೊಬೆಲ್ ಪಾರಿತೋಷಕದ ಔತಣ ನಡೆಯುವುದು ಇದರ ‘ನೀಲಿ ಸಭಾಂಗಣ’ದಲ್ಲಿ. ಸಭಾಂಗಣದಲ್ಲಿ ನೀಲಿಯೆಂಬುದು ಹುಡುಕಿದರೂ ಸಿಗದು. ಗೋಡೆಗಳಿಗೆ ನೀಲಿಯ ಗಾರೆ ಬಳಿಯಬೇಕೆಂದು ಮೊದಲು ಯೋಚಿಸಿದ್ದ ಶಿಲ್ಪಿ, ಮೇಲೆದ್ದ ಇಟ್ಟಿಗೆಯ ಕೆಂಪು ಚೆಲುವನ್ನು ಕಂಡು ಮನಸ್ಸು ಬದಲಾಯಿಸಿದ. ಹೆಸರು ಮಾತ್ರ ಹಾಗೆಯೇ ಉಳಿಯಿತು. ನಿಜವಾಗಿ ನೀಲಿಯಾಗಿರುವುದು ಪೇಟೆಯ ನಡುವಿನ ಸಂಗೀತ ಭವನ. ಸರ್ ಸಿ. ವಿ. ರಾಮನ್ ಅವರು 1930ರ ಡಿಸೆಂಬರ್ 10ರಂದು ದೊರೆ ಐದನೆಯ ಗುಸ್ತಾವನ ಕೈಯಿಂದ ಪಾರಿತೋಷಕವನ್ನು ಸ್ವೀಕರಿಸಿದ್ದು ಅಲ್ಲಿಯೇ. ಆಗ ಅವರು ಕಲ್ಕತ್ತೆಯ ಪ್ರಾಧ್ಯಾಪಕರು. ಬೆಂಗಳೂರು ಅವರನ್ನು ತನ್ನವರೆಂದುಕೊಂಡದ್ದು 1933ರಿಂದ ಈಚೆಗೆ. ಭವನದ ಮುಂದೆ ಈಗ ಹೂವು, ಹಣ್ಣು, ತರಕಾರಿಗಳ ಸಂತೆ. ಬೆಂಗಳೂರಿನಿಂದ ಹೋದವರು ಅಲ್ಲಿ ಒಂದು ಪೊಟ್ಟಣ ಸ್ಟ್ರಾಬೆರಿ ಕೊಂಡು ಮೆಟ್ಟಿಲ ಮೇಲೆ ಕುಳಿತರೆ ಯಾತ್ರಾಫಲ ಸಂದಂತೆಯೇ.

ಗಮ್ಲಾ ಸ್ತಾನ್ ಎಂದರೆ ಹಳೆಯ ಪಟ್ಟಣ. ಅರಿಸಿನ, ಕಾವಿ ಬಣ್ಣಗಳ ಎತ್ತರವಾದ ಮನೆಗಳು, ಉರುಟುಗಲ್ಲು ಹಾಸಿದ ಓಣಿಗಳು. ಅವುಗಳಲ್ಲೊಂದು ಕೇವಲ 90 ಸೆಂಟಿಮೀಟರ್ ಅಗಲ. ಎದುರಿನಿಂದ ಸ್ಥೂಲಕಾಯದವರು ಬಂದರೆ ಒಬ್ಬರು ಹಿಂದಕ್ಕೆ ಸರಿಯಲೇಬೇಕು. ಪಟ್ಟಣದ ಹೃದಯವಾದ ದೊಡ್ಡ ಚೌಕದಲ್ಲಿ ನೊಬೆಲ್ ವಸ್ತುಸಂಗ್ರಹಾಲಯವಿದೆ. ಅಲ್ಲಿಯ ಉಪಾಹಾರ ಗೃಹದ ಕುರ್ಚಿಗಳನ್ನು ತಲೆಕೆಳಗು ಮಾಡಿದರೆ ಅಡಿಯಲ್ಲಿ ಪಾರಿತೋಷಕ ಪಡೆದವರ ಸಹಿಗಳು ಕಾಣುತ್ತವೆ. ವಿದ್ವಾಂಸರ ಹೆಸರಿನ ಮೇಲೆ ಕುಳಿತು ಕಾಫಿ ಕುಡಿಯುವುದು ಉಚಿತವೋ ಅನುಚಿತವೋ, ಪ್ರವಾಸಿಗಳು ಮಾತ್ರ ಕುರ್ಚಿಗಳನ್ನು ತಿರುಗಿಸಿ ನೋಡುತ್ತಲೇ ಇರುತ್ತಾರೆ. ಇಷ್ಟು ಮುದ್ದಾಗಿ ಕಾಣುವ ಈ ಚೌಕ 1520ರ ನವೆಂಬರಿನಲ್ಲಿ ರಕ್ತದಿಂದ ತೊಯ್ದಿತ್ತು. ಡೆನ್ಮಾರ್ಕಿನ ದೊರೆ ಎರಡನೆಯ ಕ್ರಿಶ್ಚಿಯನ್ ಕ್ಷಮಾದಾನದ ಮಾತು ಕೊಟ್ಟು, ಪಟ್ಟಾಭಿಷೇಕದ ಔತಣವೂ ಮುಗಿದ ಮೇಲೆ, ಎಂಬತ್ತಕ್ಕೂ ಮಿಕ್ಕಿ ಸ್ವೀಡನ್ನಿನ ಪ್ರಮುಖರ ಶಿರಚ್ಛೇದ ಮಾಡಿಸಿದ. ಸತ್ತವರಲ್ಲಿ ಒಬ್ಬನ ಮಗ ಗುಸ್ತಾವ್ ವಾಸಾ. ಅವನು ದಂಗೆಯೆದ್ದು 1523ರಲ್ಲಿ ಸ್ವತಂತ್ರ ಸ್ವೀಡನ್ನಿನ ದೊರೆಯಾದ. ತೆನೆಯ ಸಿವುಡು ಅವನ ಮನೆತನದ ಲಾಂಛನ. ‘ವಾಸಾ’ ಎಂಬ ಹೆಸರಿಗೂ ಅದೇ ಮೂಲ.

ಆ ಹೆಸರನ್ನೇ ಹೊತ್ತ ಹಡಗೊಂದನ್ನು ನೋಡಲು ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಈ ನಗರಕ್ಕೆ ಬರುತ್ತಾರೆ. ಹಳೆಯ ಪಟ್ಟಣದ ದಕ್ಷಿಣ ತುದಿಯ ಸ್ಲುಸೆನ್ನಿನಲ್ಲಿ ದೋಣಿ ಹತ್ತಿದರೆ ಯೂರ್ಗೋರ್ಡನ್ ದ್ವೀಪಕ್ಕೆ ಸ್ವಲ್ಪ ಹೊತ್ತಿನ ದಾರಿ. ದ್ವೀಪದಲ್ಲಿ ಇಳಿದು ದಡದ ಗುಂಟ ನಡೆದರೆ, ಚಾವಣಿಯ ಮೇಲೆ ಕೂವೆಮರಗಳನ್ನು ಎತ್ತಿ ನಿಂತಿರುವ ಒಂದು ವಿಚಿತ್ರ ಕಟ್ಟಡ ಸಿಗುತ್ತದೆ. ಒಳಗೆ ಅರೆಗತ್ತಲೆ, ತಂಪು. ಕಣ್ಣು ಹೊಂದಿಕೊಂಡ ಮೇಲೆ ಎದುರಿಗೆ ಕಪ್ಪಾಗಿ ನಿಲ್ಲುವುದು 69 ಮೀಟರ್ ಉದ್ದದ ಓಕ್ ಮರದ ಯುದ್ಧನೌಕೆ. ಹಡಗಿನ ಚಿತ್ರವಲ್ಲ, ಮಾದರಿಯಲ್ಲ, ಹಡಗೇ. ನೋಡುವವರು ಮಾತು ನಿಲ್ಲಿಸುತ್ತಾರೆ. ತೇರಿನ ಮುಂದೆ ನಿಂತಂತೆ ಕತ್ತು ಹಿಂದಕ್ಕೆ ಬಾಗುತ್ತದೆ.

ಗುಸ್ತಾವ್ ವಾಸಾನ ಮೊಮ್ಮಗನಾದ ದೊರೆ ಗುಸ್ತಾವ್ ಅಡಾಲ್ಫ್ ಪೋಲೆಂಡಿನೊಡನೆ ಯುದ್ಧದಲ್ಲಿ ತೊಡಗಿದ್ದ ಕಾಲದಲ್ಲಿ ಈ ನೌಕೆಯನ್ನು ಕಟ್ಟಿಸಿದ. ಎರಡು ಅಂತಸ್ತುಗಳಲ್ಲಿ 64 ಫಿರಂಗಿಗಳು. ಹಿಂಬದಿಯ ತುಂಬ ಸಿಂಹಗಳು, ದೇವತೆಗಳು; ಮೂತಿಯ ಬದಿಗಳಲ್ಲಿ ರೋಮಿನ ಚಕ್ರವರ್ತಿಗಳು. ಮುಂಬದಿಯಲ್ಲಿ ಪೋಲೆಂಡಿನ ಶ್ರೀಮಂತನೊಬ್ಬನನ್ನು ನಾಯಿಯಂತೆ ಮುದುರಿ ಕೂರಿಸಿದ ಕೆತ್ತನೆಯನ್ನೂ ಸೇರಿಸಲು ಮರೆಯಲಿಲ್ಲ. ಹಡಗಿನ ಮುಖ್ಯ ಶಿಲ್ಪಿ ಹಾಲೆಂಡಿನ ಹೆನ್ರಿಕ್ ಹ್ಯೂಬರ್ಟ್‌ಸನ್ ಕೆಲಸ ಮುಗಿಯುವ ಮೊದಲೇ, 1627ರಲ್ಲಿ, ತೀರಿಕೊಂಡ. ಹೊರಡುವ ಮುನ್ನ ಒಂದು ಪರೀಕ್ಷೆಯೂ ನಡೆಯಿತು. ಮೂವತ್ತು ಆಳುಗಳನ್ನು ಅಟ್ಟದ ಮೇಲೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಓಡಿಸಿದರು. ಮೂರನೆಯ ಓಟಕ್ಕೆ ಹಡಗು ಎಷ್ಟು ತೂಗಾಡಿತೆಂದರೆ ನೌಕಾಧಿಪತಿ ಫ್ಲೆಮಿಂಗ್ ಪರೀಕ್ಷೆಯನ್ನೇ ನಿಲ್ಲಿಸಿಬಿಟ್ಟ. ದೊರೆ ಪ್ರಷ್ಯಾದಲ್ಲಿದ್ದು ಹಡಗಿಗಾಗಿ ಅವಸರ ಮಾಡುತ್ತಿದ್ದ. ಬೇಡವೆಂದು ಅವನಿಗೆ ಬರೆಯುವ ಧೈರ್ಯ ಯಾರಿಗೂ ಬರಲಿಲ್ಲ.

1628ರ ಆಗಸ್ಟ್ 10, ಭಾನುವಾರ. ದಡದ ಮೇಲೆ ಊರಿಗೆ ಊರೇ ನೆರೆದಿತ್ತು. ನಾಲ್ಕು ಹಾಯಿಗಳನ್ನು ಬಿಚ್ಚಿ, ವಂದನೆಯ ಫಿರಂಗಿ ಹಾರಿಸಿ ಹಡಗು ಹೊರಟಿತು. ಒಂದು ಸಣ್ಣ ಗಾಳಿಗೆ ಅದು ವಾಲಿ ಹೇಗೋ ಸಾವರಿಸಿಕೊಂಡಿತು. ಎರಡನೆಯ ಗಾಳಿಗೆ ವಾಲಿದ್ದು ಏಳಲಿಲ್ಲ. ತೆರೆದಿದ್ದ ಕೆಳ ಅಂತಸ್ತಿನ ಫಿರಂಗಿಗಂಡಿಗಳ ಮೂಲಕ ನೀರು ಒಳನುಗ್ಗಿತು. ಸುಮಾರು 1300 ಮೀಟರ್ ಪ್ರಯಾಣ ಮಾಡಿದ ಆ ಮಹಾನೌಕೆ, ಬೆಕ್‌ಹೋಲ್ಮೆನ್ ದ್ವೀಪದ ಬಳಿ, ಬಾವುಟಗಳು ಹಾರಾಡುತ್ತಿರುವಾಗಲೇ, 32 ಮೀಟರ್ ಆಳದ ನೀರಿನಲ್ಲಿ ತಳಕಂಡಿತು. ಹೊರವಲಯದ ದ್ವೀಪಗಳವರೆಗೆ ಜೊತೆಗಿರಲೆಂದು ನಾವಿಕರ ಹೆಂಡಿರು ಮಕ್ಕಳೂ ಹತ್ತಿದ್ದರು. ಸುಮಾರು ಮೂವತ್ತು ಮಂದಿ ಸತ್ತರು. ಅವರ ಎಲುಬುಗಳು ಈಗ ಅದೇ ಭವನದ ಕೆಳಗಿನ ಕೋಣೆಯಲ್ಲಿವೆ. ಗಂಡಸಿನದೆಂದು ಬಹುಕಾಲ ನಂಬಿದ್ದ ಅಸ್ಥಿಪಂಜರವೊಂದು ಹೆಂಗಸಿನದೆಂದು 2023ರಲ್ಲಿ ಹೊರಬಿದ್ದಿತು. ಆ ಗಾಜಿನ ಪೆಟ್ಟಿಗೆಗಳ ಮುಂದೆ ಪ್ರವಾಸಿಗಳು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೇಲಿನ ಸಿಂಹಗಳನ್ನು ನೋಡುವ ಉತ್ಸಾಹ ಇಲ್ಲಿಗೆ ಬಂದಾಗ ಇಳಿದುಹೋಗುತ್ತದೆ.

ವಿಚಾರಣೆ ನಡೆಯದೆ ಇರಲಿಲ್ಲ. ನಾಯಕನನ್ನು ಆ ದಿನವೇ ಸೆರೆಹಿಡಿದರು. ಅವನು ಕುಡಿದಿರಲಿಲ್ಲ; ಫಿರಂಗಿಗಳು ಸಡಿಲವಾಗಿರಲಿಲ್ಲ. ಹಡಗು ಕಟ್ಟಿದವರನ್ನು ಕೇಳಿದರೆ ದೊರೆ ಒಪ್ಪಿದ ಅಳತೆಯಂತೆಯೇ ಕಟ್ಟಿದ್ದೆಂದು ಉತ್ತರ. ಹಾಗಾದರೆ ತಪ್ಪು ಯಾರದೆಂದು ಕೇಳಿದ್ದಕ್ಕೆ, ಅದು ದೇವರಿಗೇ ಗೊತ್ತೆಂದು ಒಬ್ಬ ಹೇಳಿದ. ಯಾರಿಗೂ ಶಿಕ್ಷೆಯಾಗಲಿಲ್ಲ. ನೀರಿನೊಳಗಿನ ಭಾಗ ಕಿರಿದಾಗಿ, ಮೇಲಿನ ಅಂತಸ್ತುಗಳು ಅತಿ ಭಾರವಾಗಿದ್ದುದೇ ಮುಳುಗಡೆಗೆ ಕಾರಣವೆಂಬುದು ಇಂದು ಎಲ್ಲರಿಗೂ ತಿಳಿದಿದೆ. ಇನ್ನೊಂದು ಕುತೂಹಲದ ಸಂಗತಿಯೂ ಉಂಟು. ಹಡಗಿನೊಳಗೆ ಬಡಗಿಗಳ ನಾಲ್ಕು ಅಳತೆಗೋಲುಗಳು ದೊರೆತಿವೆ. ಎರಡರಲ್ಲಿ ಸ್ವೀಡನ್ನಿನ ಹನ್ನೆರಡು ಅಂಗುಲದ ಅಡಿ, ಎರಡರಲ್ಲಿ ಆಮ್‌ಸ್ಟರ್‌ಡ್ಯಾಮಿನ ಹನ್ನೊಂದು ಅಂಗುಲದ ಅಡಿ! ಹಡಗಿನ ಎರಡು ಪಕ್ಕಗಳು ಸರಿಸಮನಾಗಿಲ್ಲವೆಂಬುದೂ ಅಳೆದವರಿಗೆ ಕಂಡಿದೆ.

ಮುಳುಗಿದ್ದರಿಂದಲೇ ಇದು ಉಳಿಯಿತೆನ್ನಬೇಕು. ಇದರ ತಂಗಿಯಂತಿದ್ದ ‘ಎಪ್ಲೆತ್’ ಎಂಬ ಹಡಗು ಕೊಂಚ ಹೆಚ್ಚು ಅಗಲವಾಗಿ 1629ರಲ್ಲಿ ನೀರಿಗಿಳಿದು, ಮೂವತ್ತು ವರ್ಷ ಸೇವೆ ಮಾಡಿ, ಕಡೆಗೆ ಬೇಡವಾಗಿ 1659ರಲ್ಲಿ ಬೇಕೆಂದೇ ಮುಳುಗಿಸಲ್ಪಟ್ಟಿತು. ಅದರ ಅವಶೇಷ ಗುರುತಿಗೆ ಬಂದದ್ದು 2022ರಲ್ಲಿ. ಕರ್ತವ್ಯ ಮಾಡಿದ ತಂಗಿಯ ಹೆಸರನ್ನು ಪ್ರವಾಸಿಗಳು ಕೇಳಿಯೂ ಇರುವುದಿಲ್ಲ. ಉಪ್ಪು ಹೆಚ್ಚಿರುವ ಸಮುದ್ರಗಳಲ್ಲಿ ಮರವನ್ನು ತಿಂದು ಜರಡಿ ಮಾಡುವ ಹಡಗುಹುಳು, ಉಪ್ಪು ಕಡಿಮೆಯಿರುವ ಈ ಬಾಲ್ಟಿಕ್ ನೀರಿನಲ್ಲಿ ಬಾಳಲಾರದು. ಅದೇ ವಾಸಾದ ಭಾಗ್ಯ. ಆಂಡರ್ಸ್ ಫ್ರಾನ್ಸೆನ್ ಎಂಬ ಎಂಜಿನಿಯರ್ ಇದನ್ನು ನೆಚ್ಚಿಕೊಂಡೇ ವರ್ಷಗಟ್ಟಲೆ ಬಂದರಿನ ತಳವನ್ನು ಕೆದಕಿದ. 1956ರ ಆಗಸ್ಟಿನಲ್ಲಿ ಅವನು ಇಳಿಬಿಟ್ಟ ಉಪಕರಣದ ತುದಿಗೆ ಕಪ್ಪಾದ ಓಕ್ ಮರದ ಒಂದು ತುಣುಕು ಅಂಟಿಕೊಂಡು ಬಂತು. ಆಮೇಲೆ ನೌಕಾದಳದ ಮುಳುಗಾಳುಗಳು ಹಡಗಿನ ಅಡಿಯಲ್ಲಿ ಆರು ಸುರಂಗಗಳನ್ನು ಕೊರೆದರು. ಕಣ್ಣಿಗೆ ಏನೂ ಕಾಣದ ಕೆಸರಿನಲ್ಲಿ, ತಲೆಯ ಮೇಲೆ ಇಡೀ ಹಡಗಿನ ಭಾರವಿರುವಾಗ, ನೀರಿನ ಚಿಲುಮೆಯಿಂದ ಮಣ್ಣು ಕೊರೆಯುತ್ತ ಮುನ್ನಡೆದವರ ಎದೆಗಾರಿಕೆಯನ್ನು ಹೇಗೆ ವರ್ಣಿಸುವುದು? 1961ರ ಏಪ್ರಿಲ್ 24ರಂದು, 333 ವರ್ಷಗಳ ಮೇಲೆ, ವಾಸಾ ಬೆಳಕನ್ನು ಕಂಡಿತು.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ನೆನೆದ ಮರ ಒಣಗಿದರೆ ಬಿರಿಯುತ್ತದೆ. ಅದಕ್ಕಾಗಿ ಮೇಣದಂಥ ಒಂದು ರಾಸಾಯನಿಕ ದ್ರವ್ಯವನ್ನು ಹದಿನೇಳು ವರ್ಷ ಬಿಡದೆ ಚಿಮುಕಿಸಿದರು. ಈಗಿನ ಭವನ ತೆರೆದದ್ದು 1990ರಲ್ಲಿ. ಆದರೆ ಊರಿನ ಕೊಳೆ ಸೇರಿದ ಬಂದರಿನ ನೀರಿನಿಂದ ಶತಮಾನಗಳ ಕಾಲ ಮರದೊಳಗೆ ಇಂಗಿದ್ದ ಗಂಧಕ, ತುಕ್ಕುಹಿಡಿದ ಕಬ್ಬಿಣದೊಡನೆ ಕೂಡಿ, ಆಮ್ಲವಾಗತೊಡಗಿತು. 2000ನೆಯ ಇಸವಿಯ ಮಳೆಯ ಬೇಸಗೆಯಲ್ಲಿ ಒದ್ದೆಬಟ್ಟೆಯ ಪ್ರವಾಸಿಗಳು ಕಿಕ್ಕಿರಿದು ಬಂದು, ಒಳಗಿನ ತೇವ ಹೆಚ್ಚಿ, ಹಲಗೆಗಳ ಮೇಲೆ ಬಿಳಿಯ, ಹಳದಿಯ ಉಪ್ಪು ಹೂಬಿಟ್ಟಿತು. ನೋಡಲು ಬಂದವರ ಉಸಿರೇ ಹಡಗಿಗೆ ವಿಷವಾದ ಹಾಗಾಯಿತು! ಗಾಳಿಯ ವ್ಯವಸ್ಥೆಯನ್ನು ಬದಲಿಸಿದರು. 2011ರಿಂದ 2018ರ ವರೆಗೆ ಐದು ಸಾವಿರಕ್ಕೂ ಹೆಚ್ಚು ಬೋಲ್ಟುಗಳನ್ನು ಕಿತ್ತು ತುಕ್ಕು ಹಿಡಿಯದ ಉಕ್ಕಿನವನ್ನು ಹಾಕಿದರು. ಹಡಗು ತನ್ನ ಭಾರಕ್ಕೆ ತಾನೇ ಮೆಲ್ಲಮೆಲ್ಲನೆ ಕುಸಿಯುತ್ತಿರುವುದರಿಂದ ಅದಕ್ಕೆ ಹೊಸ ಆಸರೆ ಕಟ್ಟುವ ಕೆಲಸವೂ ಬಂದೊದಗಿದೆ. ದೊರೆ ಎರಡು ಮೂರು ವರ್ಷಗಳಲ್ಲಿ ಕಟ್ಟಿಸಿದ್ದನ್ನು ಕಾಯಲು ಈ ಜನ ಅರುವತ್ತು ವರ್ಷಗಳಿಗೂ ಮೀರಿ ದುಡಿಯುತ್ತಿದ್ದಾರೆ. ಗೆದ್ದ ಯುದ್ಧಗಳ ಕತ್ತಿ ಕವಚಗಳು ಅರಮನೆಯ ನೆಲಮಾಳಿಗೆಯಲ್ಲಿವೆ; ಅವುಗಳ ಬಳಿ ಇಷ್ಟು ನೂಕುನುಗ್ಗಲಿಲ್ಲ.

ಅದೇ ದ್ವೀಪದ ಗುಡ್ಡದ ಮೇಲೆ ಸ್ಕಾನ್ಸೆನ್ ಇದೆ. ಆರ್ತುರ್ ಹಸೇಲಿಯಸ್ ಎಂಬಾತ 1891ರಲ್ಲಿ ತೆರೆದ ಬಯಲು ವಸ್ತುಸಂಗ್ರಹಾಲಯವದು. ದೇಶದ ಮೂಲೆಮೂಲೆಗಳಿಂದ ರೈತರ ಮನೆಗಳನ್ನೂ ಕಣಜಗಳನ್ನೂ ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಜೂನಿನ ನಡುಬೇಸಗೆಯ ಹಬ್ಬದಂದು ಎಲೆ ಹೂಗಳಿಂದ ಸಿಂಗರಿಸಿದ ಕಂಬವನ್ನು ನೆಟ್ಟು, ಅದರ ಸುತ್ತ ಅಜ್ಜಿಯರೂ ಮೊಮ್ಮಕ್ಕಳೂ ಕೈಹಿಡಿದು, ಕಪ್ಪೆಗಳಂತೆ ಕುಪ್ಪಳಿಸುತ್ತ ಹಾಡುತ್ತಾರೆ. ಆ ದಿನ ಪೇಟೆಯ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆ. ಮುಂಚಿತವಾಗಿ ರೊಟ್ಟಿ ಹಾಲು ಕೊಂಡಿಟ್ಟುಕೊಳ್ಳದ ಪ್ರವಾಸಿಗೆ ಉಪವಾಸವೇ ಗತಿ. ಜೇಬಿನಲ್ಲಿ ನೋಟುಗಳಿವೆಯೆಂಬ ಧೈರ್ಯವೂ ಸಲ್ಲದು. ಎಷ್ಟೋ ಕಡೆ ಕಾರ್ಡು ಮಾತ್ರ ನಡೆಯುತ್ತದೆ. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಬೇಕು. ಹಿಂದೆ ಇಲ್ಲಿಯೂ ನಮ್ಮಂತೆ ವಾಹನಗಳು ಎಡಪಕ್ಕದಲ್ಲಿಯೇ ಓಡುತ್ತಿದ್ದವು. 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಇಡೀ ದೇಶವೇ ಬಲಕ್ಕೆ ಸರಿಯಿತು.

ಸಂಜೆ ಹಿಂದಿರುಗುವವರು ಮತ್ತೆ ಅದೇ ದೋಣಿಯನ್ನು ಹಿಡಿಯುತ್ತಾರೆ. ಸ್ಲುಸೆನ್ನಿನ ಬಳಿ ಹಾಯಿ ಬಿಚ್ಚಿ ಬೆಕ್‌ಹೋಲ್ಮೆನ್ನಿನ ಬಳಿ ಮುಳುಗಿದ ವಾಸಾ ಸಾಗಿದ ದಾರಿಯೂ ಹೆಚ್ಚು ಕಡಿಮೆ ಇದೇ. ಹಿಂದೆ ಗ್ರೋನಾ ಲುಂಡ್ ವಿನೋದವನದ ಎತ್ತರದ ಉಯ್ಯಾಲೆಗಳಿಂದ ಮಕ್ಕಳ ಚೀರಾಟ ನೀರಿನ ಮೇಲೆ ತೇಲಿ ಬರುತ್ತದೆ. ದೋಣಿಯಲ್ಲಿ ಸೈಕಲ್ಲು ಹಿಡಿದವರು, ತಳ್ಳುಗಾಡಿಯಲ್ಲಿ ಮಗುವನ್ನು ಮಲಗಿಸಿಕೊಂಡ ತಂದೆಯರು, ಕೆಲಸ ಮುಗಿಸಿ ಮನೆಗೆ ಹೊರಟವರು. ಬಲಗಡೆ ಬೆಳಕಿನಲ್ಲಿ ಹಳೆಯ ಪಟ್ಟಣದ ಗೋಪುರಗಳು ಹತ್ತಿರವಾಗುತ್ತವೆ. ಗಾಳಿ ಬೀಸಿ ದೋಣಿ ಒಂದಿಷ್ಟು ವಾಲಿದರೆ ಪ್ರವಾಸಿಗಳು ಮಾತ್ರ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ, ಊರವರು ಓದುತ್ತಿರುವ ಪತ್ರಿಕೆಯಿಂದ ತಲೆಯೆತ್ತುವುದಿಲ್ಲ.