ಕಪಾಟಿನೊಳಗಿನ ಕುವೈತ್ ಜಾಕೆಟ್



ಮೀಂಜದ ಸೆಕೆಗೆ ಚರ್ಮದ ಜಾಕೆಟ್ ಯಾರು ಹಾಕುತ್ತಾರೆ ಎಂದು ನೀವು ಕೇಳಬಹುದು. ಯಾರೂ ಹಾಕುವುದಿಲ್ಲ. ಆದರೂ ನಮ್ಮ ವಾಳೆಗಳ ಹಳೆಯ ಮನೆಗಳಲ್ಲಿ ಒಮ್ಮೆ ಕಪಾಟು ತೆಗೆಸಿ ನೋಡಿ. ಕುವೈತಿನಿಂದಲೋ, ಬಹರೈನಿನಿಂದಲೋ, ಮುಂಬಯಿಯಿಂದಲೋ, ಹಡಗಿನ ಕೆಲಸದಿಂದಲೋ ಬಂದ ಒಂದು ಜಾಕೆಟ್ ಪ್ಲಾಸ್ಟಿಕ್ ಕವರಿನೊಳಗೆ ತೂಗುತ್ತಿರುತ್ತದೆ, ಹೆಗಲ ತುಂಬ ಬಿಳಿ ಬೂಷ್ಟು ಹಿಡಿಸಿಕೊಂಡು. ಹಾಕುವವರಿಲ್ಲ, ಬಿಸಾಡಲು ಮನಸ್ಸೂ ಇಲ್ಲ.

ಈ ಮಳೆಗಾಲದಲ್ಲಿ ನಾವು ನಾಲ್ಕು ಮಂದಿ ಸೇರಿ ಅಂಥ ನಾಲ್ಕು ಜಾಕೆಟುಗಳನ್ನು ಕೈಗೆತ್ತಿಕೊಂಡೆವು. ಭಾನುವಾರದ ಪೂಜೆಯ ನಂತರ, ನಮ್ಮಲ್ಲೊಬ್ಬನ ಮನೆಯ ಜಗಲಿಯಲ್ಲಿ ಕೆಲಸ. ನಾಲ್ಕರಲ್ಲಿ ಎರಡು ಚರ್ಮವೇ ಅಲ್ಲ ಎಂಬುದು ಮೊದಲ ದಿನವೇ ಗೊತ್ತಾಯಿತು. ಒಳಗಿನ ಅಸ್ತರಿನ ಹೊಲಿಗೆಯನ್ನು ಎರಡಿಂಚು ಬಿಚ್ಚಿ ಹಿಂಬದಿ ನೋಡಿದರೆ ಸಾಕು. ನಿಜವಾದ ಚರ್ಮವಾದರೆ ಒಳಗೆ ನವಿರಾದ ನಾರು ಕಾಣುತ್ತದೆ, ರೆಕ್ಸಿನ್ ಆದರೆ ಬಟ್ಟೆಯ ನೇಯ್ಗೆ. ರೆಕ್ಸಿನ್ ಎಂದು ನಾವು ಕರೆಯುವುದರಲ್ಲಿ ಈಗ ಬಹಳಷ್ಟು ಪಾಲಿಯುರೆಥೇನ್ ಲೇಪದ ಬಟ್ಟೆ. ಗಾಳಿಯ ತೇವವೇ ಆ ಲೇಪವನ್ನು ನಿಧಾನವಾಗಿ ಒಡೆಯುತ್ತದೆ, ಆಮೇಲೆ ಅದು ಹಾವಿನ ಪೊರೆಯಂತೆ ಸುಲಿಯುತ್ತದೆ. ಅದಕ್ಕೆ ಮದ್ದಿಲ್ಲ. ಆ ಎರಡನ್ನು ಮನೆಯವರಿಗೆ ವಾಪಸು ಕೊಟ್ಟೆವು. ಒಬ್ಬರಿಗೆ ಸ್ವಲ್ಪ ಬೇಸರವಾಯಿತು. “ಅಸಲಿ ಎಂದು ಹೇಳಿಯೇ ಕೊಟ್ಟಿದ್ದ” ಎಂದರು.

ಮೂರನೆಯದು ಸುಲಭದ ಕೆಲಸ, ಜಿಪ್ ಮಾತ್ರ ಕೆಟ್ಟಿತ್ತು. ಓಡುವ ತುಂಡು ಸಡಿಲವಾಗಿದ್ದರೆ ಪ್ಲಯರಿನಿಂದ ಎರಡೂ ಬದಿ ತುಸುವೇ ಒತ್ತಬೇಕು. ಹಲ್ಲುಗಳಿಗೆ ಉರಿದು ಉಳಿದ ಮೇಣದ ಬತ್ತಿಯ ತುಂಡು ಉಜ್ಜಿದರೆ ಸರಾಗವಾಗಿ ಓಡುತ್ತದೆ. ಮೇಣದ ತುಂಡಿಗೆ ನಮಗೇನು ಬರಗಾಲ!

ನಾಲ್ಕನೆಯದರ ಬಗ್ಗೆ ಹೇಳಲೆಂದೇ ಇಷ್ಟೆಲ್ಲ ಬರೆದದ್ದು.

ಅದು ನಮ್ಮ ವಾಳೆಯ ಒಬ್ಬ ಆಂಟಿಯದ್ದು, ಅಂದರೆ ತೀರಿಕೊಂಡ ಅಂಕಲ್‌ರದ್ದು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ಅವರು ಅಲ್ಲಿದ್ದರು. ಬಸ್ಸಿನಲ್ಲಿ ಇರಾಕ್ ದಾಟಿ ಜೋರ್ಡಾನಿನ ಅಮ್ಮಾನ್ ಸೇರಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಊರಿಗೆ ಬಂದ ಲಕ್ಷಕ್ಕೂ ಹೆಚ್ಚು ಭಾರತೀಯರಲ್ಲಿ ಅವರೂ ಒಬ್ಬರು. ತಂದದ್ದು ಒಂದು ಕೈಚೀಲ ಮತ್ತು ಈ ಜಾಕೆಟ್. ಮರುಭೂಮಿಯ ರಾತ್ರಿಗಳಲ್ಲಿ ಅದನ್ನೇ ಹೊದ್ದು ಮಲಗಿದ್ದರಂತೆ. ಬಾಕಿ ಉಳಿದ ಸಂಬಳ ಅಲ್ಲೇ ಉಳಿಯಿತು. ಇಲ್ಲಿ ಅಡಿಕೆ ತೋಟ ನೋಡಿಕೊಂಡರು, ಜಾಕೆಟನ್ನು ಮತ್ತೆ ಹಾಕಿದ್ದೇ ಇಲ್ಲ.

ಬೂಷ್ಟಿನ ಮೇಲೆ ವರ್ಷವರ್ಷವೂ ತೆಂಗಿನೆಣ್ಣೆ ಸವರಿದ್ದರು. ಊರಿನಲ್ಲಿ ಎಲ್ಲರೂ ಮಾಡುವುದು ಅದನ್ನೇ. ನಮ್ಮ ಬಿಎಸ್ಸಿ ರಸಾಯನಶಾಸ್ತ್ರ ಇಲ್ಲಿ ಸ್ವಲ್ಪ ಉಪಯೋಗಕ್ಕೆ ಬಂತು. ತೊಗಲು ಎಂದರೆ ಕೊಲಾಜೆನ್ ಎಂಬ ಪ್ರೋಟೀನಿನ ನಾರು. ಹದ ಮಾಡುವುದೆಂದರೆ ಆ ನಾರುಗಳನ್ನು ಕೊಳೆಯದಂತೆ ಒಂದಕ್ಕೊಂದು ಕಟ್ಟಿಹಾಕುವುದು. ಹಿಂದೆ ತಂಗಡಿ ತೊಗಟೆ, ಅಣಲೆಕಾಯಿಗಳ ಒಗರಿನಿಂದ ಮಾಡುತ್ತಿದ್ದರು. ಹಸಿ ಅಡಿಕೆ ಸುಲಿದಾಗ ಕೈ ಕಪ್ಪಾಗಿಸುವ ಚೊಗರೂ ಅದೇ ಜಾತಿಯ ವಸ್ತು. 1884ರಲ್ಲಿ ಅಮೆರಿಕದ ಆಗಸ್ಟಸ್ ಶುಲ್ಟ್ಸ್ ಕ್ರೋಮಿಯಂ ಲವಣದ ವಿಧಾನಕ್ಕೆ ಪೇಟೆಂಟ್ ಪಡೆದ. ಈಗಿನ ಹೆಚ್ಚಿನ ಜಾಕೆಟುಗಳು ಕ್ರೋಮಿಯಂ ಹದದವು. ಹದವಾದ ಮೇಲೆ ಮೆತ್ತಗಾಗಲು ಎಣ್ಣೆ, ಕೊಬ್ಬು ಸೇರಿಸುತ್ತಾರೆ. ಬೂಷ್ಟು ಬೆಳೆಯುವುದು ಮುಖ್ಯವಾಗಿ ಆ ಕೊಬ್ಬು ಮತ್ತು ನಮ್ಮ ಬೆವರು, ಕೊಳೆಯ ಮೇಲೆ. ಅದಕ್ಕೆ ಇನ್ನಷ್ಟು ತೆಂಗಿನೆಣ್ಣೆ ಕೊಟ್ಟರೆ ಅತಿಥಿಗೆ ಎರಡನೇ ಸಲ ಬಡಿಸಿದ ಹಾಗೆ. ಗಾಳಿಯ ತೇವ ಶೇಕಡಾ 70 ದಾಟಿದರೆ ಬೂಷ್ಟಿಗೆ ಹಬ್ಬ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಅದಕ್ಕೆ ಹಬ್ಬವೇ. ನುಸಿಗುಳಿಗೆ ಹಾಕಿದರೂ ಪ್ರಯೋಜನವಿಲ್ಲ, ಅದು ಹುಳಗಳಿಗೆ.

ನಾವು ಮಾಡಿದ್ದು ಹೀಗೆ. ಮೂಗಿಗೆ ಮಾಸ್ಕ್ ಕಟ್ಟಿ, ಮನೆಯ ಹೊರಗೆ, ಮೆತ್ತನೆಯ ಬ್ರಷ್ಷಿನಿಂದ ಒಣಗಿದ ಬೂಷ್ಟು ಉಜ್ಜಿದೆವು. ನಂತರ ಐಸೋಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಸೇರಿಸಿ, ಬಟ್ಟೆಯನ್ನು ತುಸುವೇ ಒದ್ದೆ ಮಾಡಿ ಒರೆಸಿದೆವು. ಮೊದಲು ಕಾಣದ ಜಾಗದಲ್ಲಿ ಪರೀಕ್ಷಿಸಲೇಬೇಕು, ಬಣ್ಣ ಬಟ್ಟೆಗೆ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಆಮೇಲೆ ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಎರಡು ದಿನ. ಬಿಸಿಲಿಗೆ ಹಾಕಬಾರದು, ಇಸ್ತ್ರಿಯಂತೂ ಬೇಡವೇ ಬೇಡ. ಒದ್ದೆ ಚರ್ಮ ಬಿಸಿಗೆ ಮುದುಡಿದರೆ ಮತ್ತೆ ಹಿಗ್ಗುವುದಿಲ್ಲ.

ಕಿಸೆಯ ಹತ್ತಿರ ಮೂರಿಂಚು ಹರಿದಿತ್ತು, ಕಂಕುಳಿನ ಹೊಲಿಗೆ ಬಿಟ್ಟಿತ್ತು. ಇದನ್ನು ಕಲಿಯಲು ಪೇಟೆಯಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಹಿರಿಯರ ಬಳಿ ಹೋದೆವು. ಜಾಕೆಟನ್ನು ಹೊಲಿದು ಕೊಡುವುದಲ್ಲ, ನಮಗೆ ಕಲಿಸಿಕೊಡಿ ಎಂದಾಗ ಅವರು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು.

“ಕಲಿತ ಮಕ್ಕಳು, ನಿಮಗ್ಯಾಕೆ ಇದು?”

“ಮಾಮ, ಮನೆಯಲ್ಲೇ ಮಾಡಬೇಕು ಅಂತ.”

“ನನ್ನ ಮಕ್ಕಳಿಗೇ ಬೇಡ ಇದು. ಜನ ಚಪ್ಪಲಿಯನ್ನು ಕಾಲಲ್ಲೇ ನನ್ನ ಕಡೆ ತಳ್ತಾರೆ, ಕೈಯಲ್ಲಿ ಕೊಡುವುದಿಲ್ಲ. ನೀವು ಇದನ್ನು ಮಡಚಿ ಕೈಯಲ್ಲಿ ಕೊಟ್ರಿ, ಅದಕ್ಕೆ ಕಲಿಸ್ತೇನೆ.”

ಈ ಮಾತನ್ನು ನಾವು ಮನೆಗೆ ಬಂದ ಮೇಲೂ ಮಾತಾಡಿಕೊಂಡೆವು. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಪೇತ್ರರು ಜೊಪ್ಪದಲ್ಲಿ ಅನೇಕ ದಿನ ಉಳಿದದ್ದು ಸಮುದ್ರದ ಬಳಿ ಮನೆಯಿದ್ದ, ಚರ್ಮ ಹದ ಮಾಡುವ ಸಿಮೋನನ ಮನೆಯಲ್ಲಿ. ಸತ್ತ ಪ್ರಾಣಿಯ ತೊಗಲು ಮುಟ್ಟುವವನೆಂದು ಆ ಕಾಲದಲ್ಲೂ ಜನ ದೂರ ಇಡುತ್ತಿದ್ದ ಕೆಲಸ ಅದು. ಆ ವಾಕ್ಯವನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಸಿಮೋನನ ಕಸುಬಿನ ಹೆಸರು ಅಲ್ಲಿ ಯಾಕೆ ಬರುತ್ತದೆ ಎಂದು ಆ ರಾತ್ರಿ ಮಾತ್ರ ಚರ್ಚೆಯಾಯಿತು.

ಮಾಮ ಕಲಿಸಿದ್ದು ಎರಡೇ ವಿಷಯ, ಎರಡೂ ಚಿನ್ನದಂಥವು. ಹರಿದ ಜಾಗಕ್ಕೆ ಮೇಲಿನಿಂದ ತೇಪೆ ಬೇಡ, ಅಸ್ತರು ಬಿಚ್ಚಿ ಹಿಂದಿನಿಂದ ತೆಳು ಚರ್ಮ ಇಡಿ. ಅಂಟನ್ನು ಎರಡೂ ಮೈಗೆ ಹಚ್ಚಿ, ಕೈಗೆ ಅಂಟದಷ್ಟು ಒಣಗುವವರೆಗೆ ಕಾದು, ಆಮೇಲೆ ಒತ್ತಿ. ಇನ್ನೊಂದು, ಹೊಸ ತೂತು ಮಾಡಬೇಡಿ. ಚರ್ಮದ ತೂತು ಬಟ್ಟೆಯಂತೆ ಮುಚ್ಚಿಕೊಳ್ಳುವುದಿಲ್ಲ, ಪಕ್ಕಪಕ್ಕದಲ್ಲಿ ಹೆಚ್ಚಾದರೆ ಅಂಚೆಚೀಟಿಯ ಹಾಗೆ ಅಲ್ಲೇ ಹರಿಯುತ್ತದೆ. ಹಳೆಯ ತೂತುಗಳಲ್ಲೇ, ಒಂದು ನೂಲಿಗೆ ಎರಡು ಸೂಜಿ ಪೋಣಿಸಿ ಎರಡೂ ಕಡೆಯಿಂದ ಹೊಲಿಯಬೇಕು. ಒಂದು ಕಡೆ ನೂಲು ತುಂಡಾದರೂ ಇನ್ನೊಂದು ಹಿಡಿದಿರುತ್ತದೆ. ನೂಲು ಪಾಲಿಯೆಸ್ಟರಿನದ್ದಾಗಲಿ, ಹತ್ತಿಯದ್ದು ನಮ್ಮ ಮಳೆಗೆ ಕುಂಬಾಗುತ್ತದೆ. ಕಂಕುಳಿನ ಒಂದು ಗೇಣು ಹೊಲಿಗೆಗೆ ನಮಗೆ ಎರಡು ಗಂಟೆ ಹಿಡಿಯಿತು.

ಕಷ್ಟವಾದದ್ದು ಹೊಲಿಗೆಯಲ್ಲ. ಆಂಟಿಯ ಮಗ ದುಬೈಯಿಂದ ಫೋನ್ ಮಾಡಿ, ಪೂರ್ತಿ ಕಪ್ಪು ಬಣ್ಣ ಕೊಡಿಸಿ, ಹೊಸದರಂತೆ ಆಗಲಿ, ನಾನು ಬಂದಾಗ ಬೈಕಿನಲ್ಲಿ ಹಾಕುತ್ತೇನೆ ಎಂದ. ತಪ್ಪೇನಿಲ್ಲ. ಹಾಕುವುದಕ್ಕೇ ಜಾಕೆಟ್ ಇರುವುದು. ಆದರೆ ಆಂಟಿ ಕಾಲರಿನ ಒಳಗಿನ ಕಲೆ ತೋರಿಸಿ, “ಇದು ಹೋಗ್ತದಾ?” ಎಂದು ಕೇಳಿದರು. ಹೋಗಿಸಬಹುದು ಎಂದೆವು. ಅವರು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, “ಅದು ಅವರ ಬೆವರು” ಎಂದರು.

ನಾವು ಫೋನಿನಲ್ಲಿ ಮಗನಿಗೆ ಅಷ್ಟನ್ನೇ ಹೇಳಿದೆವು, ಬೇರೆ ವಾದ ಮಾಡಲಿಲ್ಲ. ಅವನೂ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, ಹರಿದದ್ದು ಮಾತ್ರ ಸರಿಯಾಗಲಿ ಎಂದ. ಹಾಗಾಗಿ ಬೂಷ್ಟು ತೆಗೆದೆವು, ಹೊಲಿದೆವು, ತೇಪೆಯ ಗೆರೆಗೆ ಮಾತ್ರ ಬಣ್ಣ ಮುಟ್ಟಿಸಿದೆವು. ಮೊಣಕೈಯ ಮಡಿಕೆಗಳು ಅವರು ತೋಳು ಮಡಚಿದಂತೆಯೇ ಇವೆ. ಕಾಲರಿಗೆ ಕೈಹಚ್ಚಲಿಲ್ಲ. ರಸಾಯನಶಾಸ್ತ್ರದ ಪ್ರಕಾರ ಅಲ್ಲಿ ಮತ್ತೆ ಬೂಷ್ಟು ಬರಬಹುದು. ಬಂದರೆ ಒಣಬಟ್ಟೆಯಲ್ಲಿ ಒರೆಸುತ್ತೇನೆ ಎಂದು ಆಂಟಿ ಹೇಳಿದ್ದಾರೆ.

ಈಗ ಅದು ಅಗಲ ಹೆಗಲಿನ ಮರದ ಹ್ಯಾಂಗರಿನಲ್ಲಿ, ಹಳೆಯ ಹತ್ತಿ ಸೀರೆಯ ಹೊದಿಕೆಯೊಳಗೆ, ಗಾಳಿಯಾಡುವ ಕೋಣೆಯಲ್ಲಿದೆ. ಬೇರೆ ಮನೆಗಳಿಂದಲೂ ವಿಚಾರಿಸುತ್ತಿದ್ದಾರೆ. ತರುವವರು ಭಾನುವಾರ ಪೂಜೆಯ ನಂತರ ತನ್ನಿ. ಎರಡಿಂಚು ಅಸ್ತರು ಬಿಚ್ಚಿ ನೋಡಿಯೇ ತನ್ನಿ, ಪ್ಲಾಸ್ಟಿಕ್ ಕವರನ್ನು ಮನೆಯಲ್ಲೇ ಬಿಟ್ಟು ಬನ್ನಿ.