ಸಿ ಬ್ಲಾಕ್‌ನಲ್ಲಿ ವೈಫೈ ಯಾಕೆ ಹೋಗಿತ್ತು ಅಂದ್ರೆ

ಕಳೆದ ಸೆಮ್ ಶುರುವಾದ ವಾರ ಸಿ ಬ್ಲಾಕ್ ಹಾಸ್ಟೆಲ್‌ನಲ್ಲಿ ಎರಡು ದಿನ ವೈಫೈ ಇರಲಿಲ್ಲ, ನೆನಪಿದ್ಯಾ? ವಾಟ್ಸಾಪ್ ಗ್ರೂಪ್‌ಗಳಲ್ಲಿ ವೈಫೈ ಅಣ್ಣನ ಮೇಲೆ ಮೀಮ್ ಮಾಡಿ ಹಾಕಿದ್ರಲ್ಲ, ಅದೇ ಎರಡು ದಿನ. ಅದಕ್ಕೆ ಕಾರಣ ಅಣ್ಣ ಅಲ್ಲ, ನಾನು. ಒಂದು ಕಂಪನಿಯ ಪಾಲೂ ಸ್ವಲ್ಪ ಇದೆ, ಅದನ್ನ ಆಮೇಲೆ ಹೇಳ್ತೀನಿ.

ಇದನ್ನ ಇಂಗ್ಲಿಷಲ್ಲಿ ಬರೆಯೋದು ನನಗೆ ಸುಲಭ ಇತ್ತು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಒತ್ತಕ್ಷರ ಬರೆಯುವಾಗ ಈಗಲೂ ಒಂದು ಸಲ ನಿಂತು ಯೋಚನೆ ಮಾಡ್ತೀನಿ. ಆದ್ರೆ ಈ ಕಥೆ ನಡೆದಿದ್ದೆಲ್ಲ ಕನ್ನಡದಲ್ಲೇ. ವೈರ್‌ಲೆಸ್ ಕಂಟ್ರೋಲರ್ ಅಂದ್ರೆ ಏನು ಅಂತ ನನ್ನ ತಲೆಗೆ ಮೊದಲು ಹೋಗಿದ್ದೂ ಕನ್ನಡದಲ್ಲಿ. ತಪ್ಪಿದ್ರೆ ತಿದ್ಕೊಂಡು ಓದಿ.

ಮೂರನೇ ಸೆಮ್ ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ಊರಿಗೆ ಹೋಗದೆ ಸರ್ವರ್ ರೂಮಿನಲ್ಲಿ ಕೆಲಸ ಕಲಿಯೋಕೆ ಸೇರಿಕೊಂಡೆ. ಸಂಬಳ ಇಲ್ಲ, ಎಸಿ ಇತ್ತು. ವೈಫೈ ಅಣ್ಣ ತಿಪಟೂರು ಕಡೆಯವರು, ಡಿಪ್ಲೊಮಾ ಮಾಡಿದವರು, ಕಾಂಟ್ರ್ಯಾಕ್ಟ್ ಮೇಲೆ ಕೆಲಸ. ಮೊದಲ ದಿನ ಅವರು ಕೊಟ್ಟ ಪಾಠ ಇದು: "ಮದುವೆ ಮನೇಲಿ ಬಡಿಸೋರು ಇರ್ತಾರಲ್ಲ, ಅವರೇ ಸೀಲಿಂಗ್ ಮೇಲಿರೋ ಆಕ್ಸೆಸ್ ಪಾಯಿಂಟ್‌ಗಳು. ಒಳಗೆ ನಿಂತ್ಕೊಂಡು ಯಾವ ಸಾಲಿಗೆ ಏನು ಹೋಗ್ಬೇಕು ಅಂತ ಹೇಳೋನು ಕಂಟ್ರೋಲರ್. ಒಳಗಿನವನ ಹತ್ರ ಹೊಸ ಮೆನು, ಬಡಿಸೋನ ಹತ್ರ ಹಳೇ ಮೆನು ಇದ್ರೆ ಪಂಕ್ತಿ ಕೆಡುತ್ತೆ."

ಮೆನು ಅಂದ್ರೆ ಸಾಫ್ಟ್‌ವೇರ್. ಕಂಟ್ರೋಲರ್‌ನಲ್ಲಿ ಯಾವ ವರ್ಷನ್ ಇದೆಯೋ ಅದಕ್ಕೆ ಹೊಂದುವ ವರ್ಷನ್ನೇ ಪ್ರತಿ ಎಪಿಯಲ್ಲೂ ಇರಬೇಕು. ಎಪಿ ಆನ್ ಆದ ತಕ್ಷಣ ಕಂಟ್ರೋಲರ್‌ನ ಹುಡುಕುತ್ತೆ, ಇಬ್ಬರೂ ಸರ್ಟಿಫಿಕೇಟ್ ತೋರಿಸಿ ಗುರುತು ಹೇಳ್ಕೋತಾರೆ, ಆಮೇಲೆ ವರ್ಷನ್ ತಾಳೆ ನೋಡ್ತಾರೆ. ತಾಳೆ ಆಗದಿದ್ರೆ ಎಪಿ ಕಂಟ್ರೋಲರ್‌ನಿಂದ ಹೊಸ ಸಾಫ್ಟ್‌ವೇರ್ ಇಳಿಸಿಕೊಂಡು, ರೀಬೂಟ್ ಆಗಿ, ಮತ್ತೆ ಬಂದು ಸೇರಬೇಕು. ಈ ಮಾತುಕತೆಗೆ ಕ್ಯಾಪ್‌ವ್ಯಾಪ್ ಅಂತ ಒಂದು ಪ್ರೊಟೊಕಾಲ್ ಇದೆ, 2009ರಲ್ಲಿ ಆರ್‌ಎಫ್‌ಸಿ 5415 ಆಗಿ ಬಂತು. ಯುಡಿಪಿ ಪೋರ್ಟ್ 5246ರಲ್ಲಿ ಕಂಟ್ರೋಲ್, 5247ರಲ್ಲಿ ಡೇಟಾ. ವೈವಾದಲ್ಲಿ ಕೇಳಿದ್ರೆ ಉಪಯೋಗಕ್ಕೆ ಬರುತ್ತೆ, ನನ್ನನ್ನ ಯಾರೂ ಕೇಳಲಿಲ್ಲ.

"ಚೆನ್ನಾಗಿ ಓಡ್ತಿರೋದನ್ನ ಯಾಕಣ್ಣ ಮುಟ್ಟಬೇಕು?" ಅಂತ ನಾನೇ ಕೇಳಿದ್ದೆ. ಅದಕ್ಕೆ ಅವರು ಹೇಳಿದ್ದು ಕ್ರ್ಯಾಕ್ ಕಥೆ. 2017ರಲ್ಲಿ ಬೆಲ್ಜಿಯಂನ ಸಂಶೋಧಕ ಮ್ಯಾಥಿ ವಾನ್‌ಹೋಫ್, ಡಬ್ಲ್ಯುಪಿಎ2 ಕೈಕುಲುಕುವ ಹಂತದಲ್ಲೇ ಒಂದು ದೋಷ ಇದೆ ಅಂತ ತೋರಿಸಿದರು. 2021ರಲ್ಲಿ ಅವರೇ ಫ್ರ್ಯಾಗ್‌ಅಟ್ಯಾಕ್ಸ್ ಅನ್ನೋ ಇನ್ನೊಂದು ಗುಂಪು ದೋಷಗಳನ್ನ ಹೊರಗೆ ತಂದರು. ಪಾಸ್‌ವರ್ಡ್ ಬದಲಾಯಿಸಿದ್ರೆ ಇವೆಲ್ಲ ಹೋಗಲ್ಲ, ಸಾಫ್ಟ್‌ವೇರ್ರೇ ಬದಲಾಗಬೇಕು. ನಮ್ಮ ಕಂಟ್ರೋಲರ್‌ನಲ್ಲಿದ್ದ ವರ್ಷನ್ ಎಷ್ಟು ಹಳೇದು ಅಂತ ಇಲ್ಲಿ ಬರೆಯೋದು ಬೇಡ.

ಅಪ್‌ಗ್ರೇಡ್ ಮಾಡೋದು ನಾಲ್ಕು ಕಮ್ಯಾಂಡ್ ಕೆಲಸ ಅಂದ್ಕೊಂಡಿದ್ದೆ. ಅದಕ್ಕಿಂತ ಮುಂಚೆ ಒಂದು ವಾರ ಬರೀ ಎಕ್ಸೆಲ್. ಕ್ಯಾಂಪಸ್‌ನಲ್ಲಿ 214 ಎಪಿ. ಪ್ರತಿಯೊಂದರ ಮಾಡೆಲ್, ಸೀರಿಯಲ್ ನಂಬರ್, ಜಾಗ. ಹೊಸ ವರ್ಷನ್ ಯಾವ್ಯಾವ ಮಾಡೆಲ್‌ಗೆ ಆಗುತ್ತೆ, ಯಾವುದಕ್ಕೆ ಏನು ಷರತ್ತು ಅಂತ ಕಂಪನಿಯ ರಿಲೀಸ್ ನೋಟ್ಸ್ ತೆಗೆದು ಒಂದೊಂದಾಗಿ ತಾಳೆ ನೋಡಬೇಕು. ಆನ್ ಆಗಿರೋ ಎಪಿಗಳ ಪಟ್ಟಿಯನ್ನ ಕಂಟ್ರೋಲರ್ರೇ ಕೊಡುತ್ತೆ. ತೊಂದರೆ ಸಿ ಬ್ಲಾಕ್‌ದು. ಅಲ್ಲಿ ಸುಣ್ಣ ಬಳಿಯುತ್ತಿದ್ದರು, ಸ್ವಿಚ್ ಆಫ್ ಮಾಡಿದ್ದರು, ಹಾಗಾಗಿ ಅಲ್ಲಿನ 24 ಎಪಿ ಪಟ್ಟಿಯಲ್ಲಿ ಇರಲಿಲ್ಲ. ಹಳೇ ರಿಜಿಸ್ಟರ್ ಇದ್ದಿದ್ರೆ ಆಗ್ತಿತ್ತು, ಅದು ಅಣ್ಣನಿಗಿಂತ ಮುಂಚೆ ಇದ್ದವರ ಜೊತೆಗೇ ಕಳೆದುಹೋಗಿತ್ತು.

"ಏಣಿ ತಗೊಂಡು ಹೋಗಿ ಒಂದೊಂದರ ಲೇಬಲ್ ನೋಡ್ಕೊಂಡು ಬರ್ಕೊಂಡ್ ಬಾ" ಅಂದ್ರು.

ನಾನು ಹೋದೆ. ಕೆಳಗಿನ ಲಾಬಿಯಲ್ಲಿ ಒಂದು ಎಪಿ ಕೈಗೆ ಎಟುಕುವ ಹಾಗಿತ್ತು, ಹೊಸ ಮಾಡೆಲ್. ಅದನ್ನ ಬರ್ಕೊಂಡೆ. ಮೇಲೆ ಹೋದ್ರೆ ಕಾರಿಡಾರ್ ತುಂಬ ಸುಣ್ಣದ ನೀರು, ಏಣಿ ಪೇಂಟರ್ ಹತ್ರ, ಅವರು "ಊಟ ಆದ್ಮೇಲೆ ಬಾ ತಮ್ಮ" ಅಂದ್ರು. ಕೆಳಗಿಂದ ನೋಡಿದ್ರೆ ಎಲ್ಲವೂ ಒಂದೇ ಥರ ಬಿಳಿ ಡಬ್ಬಿ. ಅವತ್ತು ಮಧ್ಯಾಹ್ನ ಮೆಸ್‌ನಲ್ಲಿ ಬಿಸಿಬೇಳೆಬಾತ್ ಬೇರೆ. ರೂಮಿಗೆ ಬಂದು ಎಕ್ಸೆಲ್‌ನಲ್ಲಿ ಮೊದಲ ಸಾಲು ತುಂಬಿ, ಮೂಲೆ ಹಿಡಿದು ಕೆಳಗೆ 24ನೇ ಸಾಲಿನ ತನಕ ಎಳೆದೆ. ಎರಡು ಸೆಕೆಂಡ್ ಕೆಲಸ.

ಅಪ್‌ಗ್ರೇಡ್ ರಾತ್ರಿ ಮಾತ್ರ ನನಗೆ ಹಬ್ಬ. ಮೊದಲು ಕಾನ್ಫಿಗರೇಶನ್ ಬ್ಯಾಕಪ್. ಆಮೇಲೆ ಹೊಸ ಇಮೇಜ್ ಕಂಟ್ರೋಲರ್‌ಗೆ ಏರಿಸಿದ್ರು. ತಕ್ಷಣ ರೀಬೂಟ್ ಮಾಡಿದ್ರೆ ಎಲ್ಲ ಎಪಿಗಳೂ ಒಟ್ಟಿಗೆ ಬಂದು "ನಂಗೂ ಕೊಡು" ಅಂತ ಸಾಲು ನಿಲ್ಲುತ್ತವೆ, ಕ್ಯಾಂಪಸ್ ತುಂಬಾ ಹೊತ್ತು ಕತ್ತಲೆ. ಅದಕ್ಕೇ ಪ್ರೀಡೌನ್‌ಲೋಡ್: ನೆಟ್‌ವರ್ಕ್ ಓಡ್ತಿರುವಾಗಲೇ ಪ್ರತಿ ಎಪಿಯ ಫ್ಲ್ಯಾಶ್‌ನಲ್ಲಿ ಬ್ಯಾಕಪ್ ಜಾಗಕ್ಕೆ ಹೊಸ ಇಮೇಜ್ ಇಳಿಸಿಟ್ಟು, ಕೊನೆಗೆ ಎರಡರ ಸ್ಥಾನ ಅದಲು ಬದಲು ಮಾಡಿ ಒಂದೇ ಸಲ ರೀಬೂಟ್. ನಿದ್ದೆ ಮಾಡ್ತಿದ್ದವರಿಗೆ ಗೊತ್ತೂ ಆಗಲ್ಲ. ಸ್ಕ್ರೀನ್ ಮೇಲೆ ಎಣಿಕೆ ಸೊನ್ನೆಯಿಂದ 40, 90, 150 ಅಂತ ಏರೋದನ್ನ ನಾನು ಕ್ರಿಕೆಟ್ ಸ್ಕೋರ್ ಥರ ಕೂಗ್ತಿದ್ದೆ. 190ಕ್ಕೆ 190 ಬಂದು ಸೇರಿತು. ಉಳಿದ 24 ರಜೆ ಮುಗಿದು ಸ್ವಿಚ್ ಹಾಕಿದಾಗ ತಾವೇ ಇಳಿಸಿಕೊಳ್ತವೆ ಅನ್ನೋದು ಲೆಕ್ಕ. ಹೊಸ ಮಾಡೆಲ್ ಆಗಿದ್ರೆ ಇಳಿಸಿಕೊಳ್ತಿದ್ದವು ಕೂಡ.

ಅವುಗಳಲ್ಲಿ 23 ಹಳೇವು. ಹಾಸ್ಟೆಲ್ ತೆರೆದ ಸೋಮವಾರ ಸ್ವಿಚ್ ಹಾಕಿದ್ರೆ ಲಾಬಿಯದೊಂದು ಸೇರಿತು, ಉಳಿದವು ಡೌನ್‌ಲೋಡಿಂಗ್ ಅಂತ ತೋರಿಸೋದು, ಬಿದ್ದುಹೋಗೋದು, ರೀಬೂಟ್, ಮತ್ತೆ ಡೌನ್‌ಲೋಡಿಂಗ್. ಆ ಹಳೇ ಮಾಡೆಲ್‌ಗಳ ಸಾಫ್ಟ್‌ವೇರಿಗೆ ಕಂಪನಿ ಹಾಕಿದ್ದ ಡಿಜಿಟಲ್ ಸಹಿಯ ಸರ್ಟಿಫಿಕೇಟ್ 2022ರ ಡಿಸೆಂಬರ್‌ಗೇ ಅವಧಿ ಮುಗಿದಿತ್ತು. ಎಪಿ ಇಮೇಜ್ ಪೂರ್ತಿ ಇಳಿಸಿಕೊಂಡು, ಸಹಿ ನೋಡಿ, ತಾರೀಖು ನೋಡಿ, ಬೇಡ ಅಂತ ಎಸೀತಿತ್ತು. ಹೀಗಾಗುತ್ತೆ ಅಂತ ಕಂಪನಿಯೇ ನೋಟಿಸ್ ಹಾಕಿದೆ, ಪರಿಹಾರವನ್ನೂ ಬರೆದಿದೆ. ಆದ್ರೆ ಅದನ್ನ ಓದಬೇಕು ಅಂದ್ರೆ ನಿಮ್ಮ ಹತ್ರ ಆ ಮಾಡೆಲ್ ಇದೆ ಅಂತ ಗೊತ್ತಿರಬೇಕು. ನನ್ನ ಎಕ್ಸೆಲ್ ಪ್ರಕಾರ ಇರಲಿಲ್ಲ.

ಮಂಗಳವಾರ ಬೆಳಗ್ಗೆ ಫೈನಲ್ ಇಯರ್‌ನವರಿಗೆ ಒಂದು ಕಂಪನಿಯ ಆನ್‌ಲೈನ್ ಟೆಸ್ಟ್. ಸಿ ಬ್ಲಾಕ್‌ನವರು ಮೊಬೈಲ್ ಹಾಟ್‌ಸ್ಪಾಟ್ ಹಾಕ್ಕೊಂಡು ಬರೆದರು, ಕೆಲವರದು ನಡುವೆ ಕಟ್ ಆಯ್ತು. ನನ್ನ ಸೀನಿಯರ್ ಒಬ್ಬರು ಮೆಸ್‌ನಲ್ಲಿ ತಟ್ಟೆ ಮುಂದೆ ಸುಮ್ಮನೆ ಕೂತಿದ್ದರು, ಊಟ ಮಾಡ್ತಿರಲಿಲ್ಲ. ಪಕ್ಕದವನು ಅಣ್ಣನಿಗೆ ಬಾಯಿಗೆ ಬಂದ ಹಾಗೆ ಬೈದ. ನಾನು ಚಪಾತಿ ಮುರೀತಾ ಇದ್ದೆ. ಒಂದು ಮಾತೂ ಆಡಲಿಲ್ಲ. ಸಂಜೆಯೊಳಗೆ ಕಂಪ್ಲೇಂಟ್ ಮೇಲಿನ ತನಕ ಹೋಗಿ ಅಣ್ಣನಿಗೆ ಮೆಮೋ ಬಂತು.

ಅವತ್ತು ರಾತ್ರಿ ಹತ್ತಕ್ಕೆ ಸರ್ವರ್ ರೂಮಿಗೆ ಹೋದೆ. ಅಣ್ಣ ಕಂಪನಿಯ ನೋಟಿಸ್ ತೆರೆದಿಟ್ಟು ಕೂತಿದ್ದರು.

"ಅಣ್ಣಾ, ಸಿ ಬ್ಲಾಕ್ ಲಿಸ್ಟು..."

"ಗೊತ್ತು."

"ನಾನು ಮೇಲೆ ಹತ್ತಲಿಲ್ಲ."

"ಗೊತ್ತು ಕಣೋ. ಎಳೆದ್ರೆ ಮಾಡೆಲ್ ಹಾಗೇ ಇರುತ್ತೆ, ಸೀರಿಯಲ್ ನಂಬರ್ ಒಂದೊಂದು ಜಾಸ್ತಿ ಆಗುತ್ತೆ. ಇಪ್ಪತ್ನಾಲ್ಕು ಎಪಿ ಒಂದರ ಹಿಂದೆ ಒಂದು ಕ್ಯೂ ನಿಂತಂಗೆ ಬರ್ದಿದ್ದೀಯ. ನಿನ್ನೆ ಬೆಳಗ್ಗೇನೇ ನೋಡ್ದೆ."

ಮೊದಲೇ ನೋಡಬೇಕಿತ್ತು, ನೋಡದೇ ಇದ್ದಿದ್ದು ತನ್ನ ತಪ್ಪು ಅಂತನೂ ಅಂದ್ರು. ನಾಳೆ ಎಚ್‌ಒಡಿ ಹತ್ರ ಹೋಗಿ ಹೇಳ್ತೀನಿ ಅಂದೆ. "ಹೇಳು. ಸ್ಟೂಡೆಂಟ್ ಕೈಗೆ ಈ ಕೆಲಸ ಕೊಟ್ಟಿದ್ದು ಯಾರು ಅಂತ ನಂಗೆ ಇನ್ನೊಂದು ಮೆಮೋ ಬರುತ್ತೆ" ಅಂದ್ರು. ನಗ್ತಾ ಹೇಳಿದ್ರು, ಆದ್ರೆ ಅದು ತಮಾಷೆ ಆಗಿರಲಿಲ್ಲ. ನಾನು ಹೋಗಲಿಲ್ಲ. ಅವರನ್ನ ಉಳಿಸೋಕೆ ಸುಮ್ಮನಾದೆನೋ, ನನಗೇ ಅದು ಅನುಕೂಲ ಅಂತ ಸುಮ್ಮನಾದೆನೋ, ಎಷ್ಟು ಯೋಚಿಸಿದ್ರೂ ಎರಡನೇದೇ ಜಾಸ್ತಿ ತೂಗುತ್ತೆ.

ಪರಿಹಾರ ಕೇಳಿದ್ರೆ ನಿಮಗೆ ನಗು ಬರುತ್ತೆ. ಕಂಟ್ರೋಲರ್‌ಗೆ ಸರಿಯಾದ ಸಮಯ ಹೇಳೋ ಎನ್‌ಟಿಪಿಯನ್ನ ಆಫ್ ಮಾಡಿ, ಗಡಿಯಾರವನ್ನ 2022ರ ನವೆಂಬರ್‌ಗೆ ತಿರುಗಿಸೋದು. ಎಪಿ ಸಮಯವನ್ನ ಕಂಟ್ರೋಲರ್‌ನಿಂದಲೇ ತಿಳ್ಕೊಳ್ಳುತ್ತೆ, ಹಾಗಾಗಿ ಸಹಿ ಇನ್ನೂ ಜೀವಂತ ಇದೆ ಅಂತ ನಂಬಿ ಒಪ್ಪಿಕೊಳ್ಳುತ್ತೆ. ಅಪಾಯ ಏನಂದ್ರೆ, ಆಮೇಲೆ ತಯಾರಾದ ಹೊಸ ಎಪಿ ಏನಾದ್ರೂ ಅದೇ ಹೊತ್ತಲ್ಲಿ ಸಂಪರ್ಕ ಕಡಿದು ಮತ್ತೆ ಸೇರೋಕೆ ಬಂದ್ರೆ, ಅದರ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇರಲ್ಲ. ಅದಕ್ಕೆ ರಾತ್ರಿ ಒಂದೂವರೆ ತನಕ ಕಾದು ಮಾಡಿದ್ವಿ. ಒಂದೊಂದೇ ಬಂದು ಸೇರ್ತಾ ಹೋದವು. ಈ ಸಲ ನಾನು ಸ್ಕೋರ್ ಕೂಗಲಿಲ್ಲ. ಮೂರು ಗಂಟೆಗೆ ಗಡಿಯಾರ ವಾಪಸ್ ಸರಿ ಮಾಡಿ, ಬೂತಿನ ಹತ್ರ ಟೀ ಸಿಗದೆ, ನಲ್ಲಿ ನೀರು ಕುಡಿದು ಮಲಗಿದ್ವಿ.

ಅಣ್ಣ ಈಗ ಇಲ್ಲಿಲ್ಲ. ಕಾಂಟ್ರ್ಯಾಕ್ಟ್ ಮುಗಿದ ಮೇಲೆ ಬೆಂಗಳೂರಿಗೆ ಹೋದರು. ಇದನ್ನ ಬರೀಲಾ ಅಂತ ಫೋನ್ ಮಾಡಿ ಕೇಳಿದೆ. "ಬರಿ, ನನ್ನ ಹೆಸರು ಬೇಡ, ಆ ಮೀಮ್ ಇದ್ರೆ ಕಳಿಸು, ಮನೇಲಿ ತೋರಿಸ್ತೀನಿ" ಅಂದ್ರು. ಮೆಮೋಗೂ ಕೆಲಸ ಬಿಟ್ಟಿದ್ದಕ್ಕೂ ಸಂಬಂಧ ಇಲ್ವಂತೆ. ಎರಡು ಸಲ ಕೇಳಿದೆ, ಎರಡು ಸಲವೂ ಇಲ್ಲ ಅಂದ್ರು.

ಹೋದ ಶನಿವಾರ ವಾರ್ಡನ್‌ಗೆ ಹೇಳಿ ಏಣಿ ತಗೊಂಡು ಸಿ ಬ್ಲಾಕ್‌ಗೆ ಹೋಗಿದ್ದೆ. ಎಲ್ಲ ಲೇಬಲ್ ನೋಡಿ ಹೊಸ ರಿಜಿಸ್ಟರ್‌ಗೆ ಕೈಯಲ್ಲೇ ಬರೆದೆ. 24 ಎಪಿಗೆ ಮೂರು ಗಂಟೆ ಹಿಡೀತು. ಮೂರನೇ ಮಹಡಿಯಲ್ಲಿ ಎರಡರ ಲೇಬಲ್ ಮೇಲೆ ಸುಣ್ಣ ಬಿದ್ದಿತ್ತು, ಉಗುರಲ್ಲಿ ಕೆರೆದು ಓದಿದೆ.