ಚೀಟಿ ಇಟ್ಟ ಬಿಸ್ಕತ್ತು

ಕ್ಯೋಟೋದ ಫುಶಿಮಿ ಇನಾರಿ ಗುಡಿ ಅಂದ್ರೆ ಎಲ್ಲರಿಗೂ ನೆನಪಾಗೋದು ಬೆಟ್ಟದುದ್ದಕ್ಕೂ ನಿಂತಿರೋ ಸಾವಿರಾರು ಕೆಂಪು ದ್ವಾರಗಳು. ಫೋಟೋ ತೆಗೆದುಕೊಂಡು ಇಳಿದು ಬಂದವರಿಗೆ ಗುಡಿಯ ಹತ್ತಿರದಲ್ಲೇ ಹೋಗ್ಯೋಕುದೋ ಅನ್ನೋ ಹಳೇ ಮನೆತನದ ಅಂಗಡಿ ಸಿಗುತ್ತೆ. ನನ್ನನ್ನು ಅಲ್ಲಿ ನಿಲ್ಲಿಸಿದ್ದು ವಾಸನೆ. ಕಾದ ಸಕ್ಕರೆ, ಜೊತೆಗೆ ಹುರಿದ ಎಳ್ಳು. ಸಂಕ್ರಾಂತಿ ಹಿಂದಿನ ದಿನ ನಮ್ಮ ಅಡುಗೆಮನೆಯಲ್ಲಿ ಬರುತ್ತಲ್ಲ, ಥೇಟ್ ಹಾಗೇ!

ಉದ್ದ ಹಿಡಿಯ, ಇಕ್ಕಳದ ಹಾಗೆ ತೆರೆದು ಮುಚ್ಚುವ ಕಬ್ಬಿಣದ ಅಚ್ಚು. ಅದರೊಳಗೆ ಗೋಧಿಹಿಟ್ಟು, ಸಕ್ಕರೆ, ಎಳ್ಳು, ಬಿಳಿ ಮಿಸೋ ಸೇರಿದ ಹಿಟ್ಟು ಹುಯ್ದು ಬೆಂಕಿಯ ಮೇಲೆ ತಿರುಗಿಸಿ ತಿರುಗಿಸಿ ಬೇಯಿಸುತ್ತಾರೆ. ಬಿಸಿ ಆರುವ ಮುಂಚೆಯೇ ಕೈಯಲ್ಲಿ ಮಡಚಬೇಕು, ತಡವಾದರೆ ಮುರಿಯುತ್ತೆ. ಸಿಹಿಯ ಹಿಂದೆಯೇ ಸಣ್ಣಗೆ ಉಪ್ಪು. ನರಿಯ ಮುಖದ್ದೂ ಇದೆ, ಯಾಕಂದ್ರೆ ಇನಾರಿ ದೇವರ ದೂತ ನರಿ. ಇನ್ನೊಂದು ಗಂಟೆಯಾಕಾರದ್ದು. ಅದರ ಮಡಿಕೆಯಲ್ಲಿ ಒಂದು ಚೀಟಿ.

ನೋಡಿದ ಕೂಡಲೇ ಗೊತ್ತಾಯ್ತು, ಇದು ಅಮೆರಿಕದ ಚೀನೀ ಹೋಟೆಲಲ್ಲಿ ಬಿಲ್ ಜೊತೆ ಕೊಡೋ ಫಾರ್ಚೂನ್ ಕುಕಿಯ ಅಣ್ಣ! ಇದು ದೊಡ್ಡದು, ಬಣ್ಣ ಕಂದು. ಅಲ್ಲಿನದರಲ್ಲಿ ಬೆಣ್ಣೆ, ವೆನಿಲ್ಲಾ.

ಇದರ ಹೆಸರು ತ್ಸುಜಿಉರಾ ಸೆನ್ಬೆ. ತ್ಸುಜಿ ಅಂದ್ರೆ ದಾರಿ ಕೂಡುವ ಜಾಗ. ಅಲ್ಲಿ ನಿಂತು, ಹಾದುಹೋಗುವವರ ಬಾಯಿಂದ ಬಿದ್ದ ಮಾತನ್ನೇ ಶಕುನ ಅಂತ ತಗೊಳ್ಳೋ ಪದ್ಧತಿ ಜಪಾನಿನಲ್ಲಿತ್ತು. ಹಲ್ಲಿ ಲೊಚಗುಟ್ಟಿದರೆ ನೆಲ ಕುಟ್ಟೋ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾಸುಕೋ ನಾಕಾಮಾಚಿ ಎಂಬ ಸಂಶೋಧಕಿ ಈ ಬಿಸ್ಕತ್ತಿನ ಬೆನ್ನು ಹತ್ತಿ ವರ್ಷಗಟ್ಟಲೆ ಹುಡುಕಿದರು. 1878ರ ಒಂದು ಜಪಾನೀ ಪುಸ್ತಕದಲ್ಲಿ, ಅಚ್ಚುಗಳನ್ನು ಬೆಂಕಿಗಿಟ್ಟು ಇದನ್ನೇ ಮಾಡುತ್ತಿರುವವನ ಚಿತ್ರ ಅವರಿಗೆ ಸಿಕ್ಕಿತು. ಫಾರ್ಚೂನ್ ಕುಕಿ ಅಮೆರಿಕದಲ್ಲಿ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ!

ಹಾಗಾದ್ರೆ ಅದು ಚೀನೀಯರದ್ದು ಹೇಗಾಯ್ತು? ವಲಸೆ ಹೋದ ಜಪಾನೀಯರು ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಮಾಡುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ಬೆಂಕ್ಯೋದೋ ಅಂಗಡಿ ಶುರುವಾದದ್ದು 1906ರಲ್ಲಿ. 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಸುಮಾರು 1,20,000 ಜಪಾನೀ ಮೂಲದವರನ್ನು ಮುಳ್ಳುತಂತಿಯ ಶಿಬಿರಗಳಿಗೆ ಕಳಿಸಲಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಅಂಗಡಿಗಳಿಗೆ ಬೀಗ ಬಿತ್ತು. ಬಿಸ್ಕತ್ತಿಗೆ ಬೇಡಿಕೆ ಮಾತ್ರ ನಿಲ್ಲಲಿಲ್ಲ, ಚೀನೀ ಅಮೆರಿಕನ್ನರು ಮಾಡತೊಡಗಿದರು. ಬೆಂಕ್ಯೋದೋ ಯುದ್ಧದ ನಂತರ ಮತ್ತೆ ತೆರೆದು, 2022ರಲ್ಲಿ ಮುಚ್ಚಿತು.

ಚೀನೀಯರು ಕದ್ದರು ಅಂತ ನಾನು ಹೇಳಲಾರೆ. ಅವರಿಗೂ ಅಮೆರಿಕ ಕೊಟ್ಟ ಕಷ್ಟ ಕಮ್ಮಿಯದಲ್ಲ. ಆದರೆ ತಿಂಡಿಯ ಹೆಸರು ಬದಲಾದಾಗ ಅದರ ಹಿಂದೆ ಯಾರ ಮನೆ ಖಾಲಿಯಾಯ್ತು ಅನ್ನೋದನ್ನ ಯಾರೂ ಕೇಳೋದಿಲ್ಲವಲ್ಲ, ಸಂಕಟ ಆಗೋದು ಅದಕ್ಕೆ.

ಊರಿಗೆ ಬಂದು ಪೊಟ್ಟಣ ಬಿಚ್ಚಿ ಇದೆಲ್ಲ ಹೇಳಿದೆ. ಚಿಕ್ಕಮ್ಮ ಜಪಾನೀ ಅಕ್ಷರದ ಚೀಟಿಯನ್ನು ತಿರುಗಿಸಿ ನೋಡಿ, "ಪಾಪ, ಊರಿಗೆಲ್ಲ ಶಕುನ ಮಾರಿದವರಿಗೆ ತಮ್ಮದು ಗೊತ್ತಾಗಲಿಲ್ಲ ನೋಡು" ಅಂದರು. ಆಮೇಲೆ ಚೀಟಿಯನ್ನು ಮಡಚಿ ಪಂಚಾಂಗದೊಳಗೆ ಇಟ್ಟರು.